ಹೊತ್ತು ಮುಳುಗಿದ ಮೇಲಿನ ಸಕ್ಕರೆ

ನರ್ಸುಗಳಿಗೆ ರಾತ್ರಿ ಪಾಳಿಯೇ ದೊಡ್ಡ ಕಷ್ಟ ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ನಿದ್ದೆಗೆಡುವುದು ಕಷ್ಟ ಹೌದು, ಆದರೆ ಅದರಲ್ಲಿ ಹೆದರಿಕೆ ಇಲ್ಲ. ನನಗೆ ಹೆದರಿಕೆ ಹುಟ್ಟಿಸುವುದು ಸಂಜೆ. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿರುತ್ತಾರೆ, ಇಲ್ಲವೇ ಕೆಳಗೆ ಹೊರರೋಗಿಗಳ ನಡುವೆ ಸಿಕ್ಕಿಬಿದ್ದಿರುತ್ತಾರೆ. ಬಸ್ಸಿಳಿದ ಸಂಬಂಧಿಕರು ಊಟದ ಡಬ್ಬಿ ಹಿಡಿದುಕೊಂಡು ಒಮ್ಮೆಲೇ ವಾರ್ಡಿಗೆ ನುಗ್ಗುತ್ತಾರೆ. ಊಟಕ್ಕೆ ಮುಂಚಿನ ಗುಳಿಗೆ, ಊಟಕ್ಕೆ ಮುಂಚಿನ ಸೂಜಿ ಎಲ್ಲವೂ ಅದೇ ಹೊತ್ತಿಗೆ ಬರುತ್ತವೆ. ಅಂಥ ಹೊತ್ತಿನಲ್ಲಿ ಒಂದು ತಪ್ಪು ನಡೆದುಹೋದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಬಿದ್ದಾಗ ತಡವಾಗಿರುತ್ತದೆ.

ಆಸ್ಪತ್ರೆಯ ಹೆಸರು ಬೇಡ, ಊರಿನದೂ ಬೇಡ. ನಾನು ಈಗಲೂ ಅಲ್ಲಿಯ ಅನ್ನವನ್ನೇ ಉಣ್ಣುತ್ತಿದ್ದೇನೆ. ಅಥಣಿ, ಕಾಗವಾಡದ ಕಡೆಯ ಒಂದು ಆಸ್ಪತ್ರೆ ಎಂದಿಟ್ಟುಕೊಳ್ಳಿ, ಸಾಕು. ನಾನು ಸತ್ತಿ ಎಂಬ ಹಳ್ಳಿಯವಳು. ಹೊಳೆ ದಂಡೆಯಲ್ಲಿ ತುಸು ಹೊಲ, ಒಂದಿಷ್ಟು ಕುರಿ, ಇಷ್ಟೇ ನಮ್ಮ ಮನೆತನ. ಕುರಿಮರಿಯ ಬಾಯಿ ಬಿಡಿಸಿ ಮದ್ದು ಕುಡಿಸುವಾಗ ನಡುಗದ ಕೈ ಮನುಷ್ಯರನ್ನು ಮುಟ್ಟಿದರೆ ಯಾಕೆ ನಡುಗುತ್ತದೆ ಎಂದು ನಮ್ಮವ್ವ ಈಗಲೂ ಕೇಳುತ್ತಾಳೆ. ಕುರಿಯ ಸಂಬಂಧಿಕರು ಗಾಜು ಒಡೆಯಲು ಬರುವುದಿಲ್ಲ ಎಂದು ನಾನು ಹೇಳುತ್ತೇನೆ.

ಗಾಜು ಒಡೆದದ್ದನ್ನು ನಾನು ಕಣ್ಣಾರೆ ಕಂಡವಳು. ಹಾವು ಕಚ್ಚಿದ ಒಬ್ಬನನ್ನು ಮೊದಲು ಮಂತ್ರ ಹಾಕಿಸಲು ಒಯ್ದು, ಆಮೇಲೆ ನಮ್ಮಲ್ಲಿಗೆ ತಂದಿದ್ದರು. ಮಂಚಕ್ಕೆ ಏರಿಸುವಷ್ಟರಲ್ಲಿ ಅವನು ಹೋಗಿದ್ದ. ಅವನ ಕಡೆಯವರು ಕಿಟಕಿಗಳ ಗಾಜು ಒಡೆಯುತ್ತ ಬರುವಾಗ ನಾನು ಔಷಧದ ಕೋಣೆಯ ಒಳಗೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅಂದು ಹೊಕ್ಕ ಹೆದರಿಕೆ ಇನ್ನೂ ಹೊರಗೆ ಹೋಗಿಲ್ಲ.

ಈ ಹೆದರಿಕೆಯನ್ನು ನುಂಗಿಕೊಳ್ಳಲು ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ನಿಪ್ಪಾಣಿಯಿಂದ ಬಂದ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಅಕ್ಕ ಎನ್ನುತ್ತೇವೆ. ತಲೆ ಕೆಟ್ಟಾಗ ಅವರು ಬಟ್ಟೆ ಇಡುವ ಕೋಣೆಗೆ ಹೋಗಿ, ಹುರಿದ ತಂಬಾಕಿನ ಪುಡಿಯನ್ನು ಬೆರಳಿನಿಂದ ಹಲ್ಲಿಗೆ ಉಜ್ಜಿಕೊಂಡು ಬರುತ್ತಾರೆ. ಅವರ ಕಡೆ ಅದಕ್ಕೆ ಮಶೇರಿ ಎನ್ನುತ್ತಾರೆ. ಕ್ಯಾನ್ಸರ್ ವಾರ್ಡಿನಲ್ಲಿ ತರಬೇತಿ ಪಡೆದು ಬಂದವರು. ನಾವು ನಕ್ಕರೆ, "ಗೊತ್ತೈತಿ ತಗೋರಿ, ಇದು ಕೊಲ್ಲಾಕ ಇನ್ನೂ ಹೊತ್ತೈತಿ. ಈ ಡ್ಯೂಟಿ ಇವತ್ತ ಕೊಲ್ತೈತಿ" ಎನ್ನುತ್ತಾರೆ. ನನ್ನ ದಾರಿ ಬೇರೆ. ನಾನು ಔಷಧದ ಹೆಸರನ್ನು ಗಟ್ಟಿಯಾಗಿ ಓದುತ್ತೇನೆ, ಮತ್ತೆ ಓದುತ್ತೇನೆ. ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಒಂದೊಂದೇ ಮಂಚವನ್ನು ನೆನೆದು, ಅವರಿಗೆ ಕೊಟ್ಟೆನೇ, ಇವರಿಗೆ ಕೊಟ್ಟೆನೇ ಎಂದು ಲೆಕ್ಕ ಹಾಕುತ್ತೇನೆ. ಪಕ್ಕದಲ್ಲಿ ಕೂತವರು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಸರಿದು ಜಾಗ ಬಿಡುತ್ತಾರೆ.

ಒಮ್ಮೆ ನಮ್ಮ ಒತ್ತಡ ಇಳಿಸಲೆಂದು ಹೊರಗಿನಿಂದ ಒಬ್ಬರನ್ನು ಕರೆಸಿದ್ದರು. ಬಹಳ ಒಳ್ಳೆಯ ಮನುಷ್ಯ. ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳಿ, ಒಂದು ನದಿ ಹರಿಯುತ್ತಿರುವುದನ್ನು ಮನಸ್ಸಿಗೆ ತಂದುಕೊಳ್ಳಿ ಎಂದರು. ಕೃಷ್ಣೆಯ ದಂಡೆಯಲ್ಲಿ ಬೆಳೆದವಳಿಗೆ ನದಿ ಎಂದರೆ ಕಣ್ಮುಂದೆ ಬರುವುದು ಮಹಾಪೂರ, ತೇಲಿಹೋಗುವ ಕುರಿಗಳು. ನನ್ನ ಉಸಿರು ಇನ್ನಷ್ಟು ಮೇಲಕ್ಕೇ ಹೋಯಿತು. ಅಷ್ಟರಲ್ಲಿ ವಾರ್ಡಿನ ಗಂಟೆ ಹೊಡೆಯಿತು, ಅರ್ಧ ಜನ ಎದ್ದು ಓಡಿದೆವು. ಅವರು ಕಣ್ಣು ಮುಚ್ಚಿಯೇ ಇದ್ದರು.

ಇಷ್ಟೆಲ್ಲದರ ನಡುವೆ ನನಗೆ ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ಇನ್ಸುಲಿನ್ನಿನದು. ನೀರಿನಂತೆ ಕಾಣುವ ಔಷಧ. ಸಕ್ಕರೆ ಏರಿದರೆ ಮನುಷ್ಯ ವರ್ಷಗಟ್ಟಲೆ ನಿಧಾನ ಸವೆಯುತ್ತಾನೆ, ಇಳಿದರೆ ಮುಂದಿಟ್ಟ ಚಹಾ ಆರುವುದರೊಳಗೆ ಕೈತಪ್ಪಿ ಹೋಗಬಹುದು. ಸೂಜಿ ಮಾಡಿದ ಮೇಲೆ ಹೊಟ್ಟೆಗೆ ಅನ್ನ ಬೀಳಲೇಬೇಕು. ಅದು ಬಿತ್ತೋ ಇಲ್ಲವೋ ಎಂದು ನೋಡುವವರೆಗೂ ನನ್ನ ಜೀವ ನನ್ನಲ್ಲಿರುವುದಿಲ್ಲ.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಶೇಡಬಾಳ, ಕಾಗವಾಡ, ಸುತ್ತಲಿನ ಹಳ್ಳಿಗಳಲ್ಲಿ ಜೈನ ಮನೆಗಳು ಬಹಳ. ಅವರಲ್ಲಿ ನಿಯಮ ಹಿಡಿದ ಹಿರಿಯರು ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ, ಕೆಲವರು ನೀರನ್ನೂ ಮುಟ್ಟುವುದಿಲ್ಲ. ಹೊರಗಿನ ಅಡುಗೆಯಂತೂ ಆಗದು. ಹಾಗಾಗಿ ಅವರಿಗೆ ಸಂಜೆಯ ಸೂಜಿಯನ್ನು ನಾವು ಗಡಿಯಾರ ನೋಡಿ ಕೊಡುವುದಿಲ್ಲ, ಕಿಟಕಿ ನೋಡಿ ಕೊಡುತ್ತೇವೆ. ಮನೆಯಿಂದ ಡಬ್ಬಿ ಹೊರಟ ಸುದ್ದಿ ಫೋನಿನಲ್ಲಿ ಬರುತ್ತದೆ. ಬಸ್ಸು ಊರ ಹತ್ತಿರ ಬಂತೆಂದರೆ ನಾವು ಸೂಜಿ ಮಾಡುತ್ತೇವೆ. ಔಷಧ ಕೆಲಸ ಶುರುಮಾಡುವ ಹೊತ್ತಿಗೆ ಡಬ್ಬಿ ಮಂಚದ ಮೇಲಿರುತ್ತದೆ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸಿಲ್ಲ. ಯಾರೋ ಹಳೆಯ ಸಿಸ್ಟರ್ ಹಾಕಿಕೊಟ್ಟ ಪದ್ಧತಿ, ವರ್ಷಗಳಿಂದ ಸಲೀಸಾಗಿ ನಡೆದುಬಂದಿತ್ತು. ಅದಕ್ಕೇ ಯಾರೂ ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ.

ಆಗ ವಾರ್ಡಿನಲ್ಲಿ ಶೇಡಬಾಳದ ಒಬ್ಬ ಅಜ್ಜಿ ಇದ್ದರು. ಅವರ ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಸಕ್ಕರೆ ಕಾಯಿಲೆ, ಕಾಲಿನ ಗಾಯ ಬಲಿತು ಬಂದಿದ್ದರು. ಗಾಯ ಚೆನ್ನಾಗಿ ಮಾಯುತ್ತಿತ್ತು. ಕಸ ಗುಡಿಸುವವಳಿಗೆ ದಿನಾ, "ಮೆಲ್ಲಕ ಗುಡಸವ್ವಾ, ಇರಬಿ ಇರ್ತಾವ" ಎಂದು ಹೇಳುತ್ತಿದ್ದರು. ನನ್ನನ್ನು ಕಂಡರೆ ಅವರಿಗೆ ಚೇಷ್ಟೆ. "ಬಂದ್ಲ ನೋಡ ಅಂಜುಬುರ್ಕಿ. ನಿನ್ನ ಮಾರಿ ನೋಡಿದ ಕೂಡ್ಲೇ ನನಗ ಬ್ಯಾನಿ ಐತಿ ಅನ್ನೂದು ನೆನಪಾಗತೈತಿ" ಎನ್ನುತ್ತಿದ್ದರು. ನಾನು ಔಷಧದ ಹೆಸರು ಓದುವಾಗ ಅವರೂ ನನ್ನ ಜೊತೆ ಗುಣುಗುಣಿಸಿ ಅಣಕಿಸುತ್ತಿದ್ದರು. ಆ ಮಂಚದ ಹತ್ತಿರ ಮಾತ್ರ ನಾನು ನಗುತ್ತಿದ್ದೆ.

ಕಬ್ಬಿನ ಹಂಗಾಮು ನಡೆದಿತ್ತು, ಚಳಿಗಾಲದ ಹೊತ್ತು ಬೇಗ ಇಳಿಯುತ್ತಿತ್ತು. ಮರುದಿನ ಆಯಿಯನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಗಿದ್ದರಿಂದ ಕೈಯಲ್ಲಿದ್ದ ಸಲೈನಿನ ಸೂಜಿಯನ್ನು ಬೆಳಿಗ್ಗೆಯೇ ತೆಗೆದಿದ್ದರು. ಸಂಜೆ ಸೊಸೆಯ ಫೋನು ಬಂತು, ಬಸ್ಸು ಹತ್ತಿದ್ದೇನೆ, ಬಂದೆ ಎಂದಳು. ನಿಪ್ಪಾಣಿ ಅಕ್ಕ ಬಿಸಿಲು ನೋಡಿ, ಪದ್ಧತಿಯಂತೆ ಇನ್ಸುಲಿನ್ ಕೊಟ್ಟರು. ಅದೇ ಹೊತ್ತಿಗೆ ಕಬ್ಬು ಕಡಿಯುವ ಹೆಂಗಸೊಬ್ಬಳನ್ನು ಹೊತ್ತು ತಂದರು. ಕಬ್ಬು ಕಡಿಯುವ ಕತ್ತಿ, ಕೊಯ್ತಾ, ಜಾರಿ ಮೊಣಕಾಲ ಕೆಳಗೆ ಎಲುಬು ಕಾಣುವಷ್ಟು ಸೀಳಿತ್ತು. ಅಕ್ಕ, ನಾನು ಇಬ್ಬರೂ ಅವಳ ರಕ್ತ ನಿಲ್ಲಿಸುವುದರಲ್ಲಿ ಮುಳುಗಿಹೋದೆವು. ಡಾಕ್ಟರು ಥಿಯೇಟರಿನಲ್ಲಿ ಒಬ್ಬ ಬಸುರಿಯ ಹೊಟ್ಟೆ ಕೊಯ್ದು ನಿಂತಿದ್ದರು.

ಕೈ ತೊಳೆದುಕೊಂಡು ವಾರ್ಡಿಗೆ ಬಂದಾಗ ಕಿಟಕಿಯಲ್ಲಿ ಬಿಸಿಲಿರಲಿಲ್ಲ. ಆಯಿಯ ಮಂಚದ ಪಕ್ಕದ ಕಪಾಟಿನ ಮೇಲೆ ಡಬ್ಬಿಯೂ ಇರಲಿಲ್ಲ.

"ಆಯಿ, ಉಂಡ್ರ್ಯಾ?"

"ಎಲ್ಲಿ ಉಣ್ಣೂದ ತಂಗಿ. ದಾರ್‍ಯಾಗ ಕಬ್ಬಿನ ಟ್ರಾಲಿ ಪಲ್ಟಿ ಆಗೇತಂತ. ಬಸ್ಸು ಅಲ್ಲೇ ನಿಂತೈತಂತ. ಇರಲಿ, ಹೊತ್ತು ಮುಳುಗಿತು. ಇನ್ನ ನಾಳೆ."

ಅಷ್ಟು ಸರಳವಾಗಿ ಹೇಳಿದರು. ನಾನು ಪಕ್ಕದ ಮಂಚದವರ ಬಾಳೆಹಣ್ಣು ತಂದು ಮುಂದೆ ಹಿಡಿದೆ. ಸೂಜಿ ಒಳಗೆ ಹೋಗಿದೆ, ತಿನ್ನದಿದ್ದರೆ ಜೀವಕ್ಕೆ ಅಪಾಯ ಎಂದು ಬಿಡಿಸಿ ಹೇಳಿದೆ. ಆಯಿ ಕೈ ಅಡ್ಡ ಹಿಡಿದರು. ಹೊಸದಾಗಿ ಸೊಸೆಯಾಗಿ ಬಂದಾಗ ಮುನಿಗಳ ಮುಂದೆ ತಗೊಂಡ ನಿಯಮ, ಹೆರಿಗೆಯಲ್ಲೂ ಮುರಿದಿಲ್ಲ, ಗಂಡ ತೀರಿಕೊಂಡ ದಿನವೂ ಮುರಿದಿಲ್ಲ ಎಂದರು. ಒಂದು ಚಮಚ ಸಕ್ಕರೆ ನೀರಾದರೂ ಎಂದು ನಾನು ಅಂಗಲಾಚಿದೆ. ಅವರ ತುಟಿಯ ಮೇಲೆ ಆಗಲೇ ಬೆವರು ಮೂಡಿತ್ತು.

"ಕೈಗೆ ಬಾಟ್ಲಿ ಹಚ್ಚವಾ" ಎಂದರು. "ಅದು ಬಾಯಾಗಿಂದ ಹೋಗೂದಿಲ್ಲಲಾ. ಅದಕ್ಕ ನನ್ನ ತಕರಾರಿಲ್ಲ."

ಅದೊಂದು ದಾರಿ ಇತ್ತು. ನಾನು ಗ್ಲುಕೋಸ್ ತಂದು ಕೈ ಹಿಡಿದೆ. ಮುದಿ ಕೈ, ದಿನಗಟ್ಟಲೆ ಚುಚ್ಚಿಸಿಕೊಂಡ ಕೈ. ಹೊಕ್ಕ ಸೂಜಿಗೆ ರಕ್ತ ಬಂತು, ಮರುಕ್ಷಣ ನರ ಒಡೆದು ಚರ್ಮ ಉಬ್ಬಿತು. ಇನ್ನೊಂದು ಕೈ ಹಿಡಿದೆ, ಅಲ್ಲಿಯೂ ಹಾಗೇ. ಹೆದರಿದವರ ಮೇಲೆ ಹಾವು ಹಾಕಿದರು ಎನ್ನುವಂತೆ ಸುತ್ತಲಿನ ಮಂಚಗಳ ಜನವೆಲ್ಲ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ಯಾರೋ ಫೋನು ಎತ್ತಿ ಚಿತ್ರ ತೆಗೆಯುತ್ತಿದ್ದರು. ನಾನು ಅಕ್ಕನನ್ನು ಕೂಗಿದೆ.

ಅಕ್ಕ ಓಡಿ ಬಂದು ಬೆರಳು ಚುಚ್ಚಿ ಮೀಟರು ನೋಡಿದರು. ಅದು ಅಂಕಿ ತೋರಿಸುವುದನ್ನು ಬಿಟ್ಟು 'ಲೋ' ಎಂದಷ್ಟೇ ತೋರಿಸಿತು. ಸೂಜಿ ಕೊಟ್ಟವರು ಅವರೇ. ಅವರ ಮುಖ ಬಿಳಿಚಿಹೋದದ್ದನ್ನು ನಾನು ಅದೇ ಮೊದಲು ಕಂಡೆ. ಆದರೂ ನನಗೇ ಧೈರ್ಯ ಹೇಳಿದರು, "ಘಾಬರೂ ನಕೋ, ಅಂಜಬ್ಯಾಡ. ಕಾಲಾಗ ನೋಡ್ತೀನಿ. ನೀ ಬಾಯಿ ನೋಡ್ಕೊ."

ಬಾಯಿ ನೋಡಿಕೋ ಎಂದರೆ ಏನರ್ಥ ಎಂದು ಇಬ್ಬರಿಗೂ ಗೊತ್ತಿತ್ತು. ನರ ಸಿಗದಿದ್ದರೆ, ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಸಕ್ಕರೆಯನ್ನು ನೀರಿನಲ್ಲಿ ಕಲಸಿ ಗಟ್ಟಿ ಮಾಡಿ, ಗಲ್ಲದ ಒಳಗೆ ವಸಡಿಗೆ ಸವರುತ್ತಾರೆ. ಆಯಿ ಆಗಲೇ ಈ ಲೋಕದ ಮಾತು ಬಿಟ್ಟಿದ್ದರು. ನನ್ನನ್ನು ಯಾವುದೋ ಹಳೆಯ ಗೆಳತಿ ಎಂದು ತಿಳಿದು, ಕೊಡ ತಗೊಂಡು ಬಾ, ಬಾವಿಗೆ ಹೋಗೋಣ ಎನ್ನುತ್ತಿದ್ದರು. ಆಮೇಲೆ ಅದೂ ನಿಂತಿತು. ಸೀರೆ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು.

ನಾನು ಬಟ್ಟಲಿನಲ್ಲಿ ಸಕ್ಕರೆ ಕಲಸುತ್ತಿರುವಾಗ ಸೊಸೆ ಬಂದಳು. ಪಲ್ಟಿಯಾದ ಟ್ರಾಲಿಯಿಂದ ಇತ್ತ ನಡೆದು, ಓಡಿ, ಯಾರದೋ ಬೈಕು ಹತ್ತಿ ಬಂದಿದ್ದಳು. ಕೈಯಲ್ಲಿ ಡಬ್ಬಿ ಇತ್ತು. ಬಟ್ಟಲು ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಬಾಯಾಗ ಬ್ಯಾಡ್ರಿ ಸಿಸ್ಟರ್" ಎಂದು ನನ್ನ ಮಣಿಕಟ್ಟು ಹಿಡಿದಳು. "ನಿಮ್ಮ ಕಾಲ ಬೀಳ್ತೀನಿ. ನಮ್ಮ ಅತ್ಯಾರಿಗೆ ಗೊತ್ತಾದ್ರ ನನ್ನ ಕೈಯಿಂದ ನೀರ ಸುದ್ದಾ ಮುಟ್ಟೂದಿಲ್ಲ."

"ಹಾಕಲಿಲ್ಲಂದ್ರ ಯಾರ ಕೈಯಿಂದನೂ ಮುಟ್ಟೂದಿಲ್ರಿ" ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

ಅತ್ತ ದರಿ, ಇತ್ತ ಪುಲಿ. ಹಾಕದೆ ಆಯಿ ಹೋದರೆ ನಾಳೆ ಈ ಜನವೇ ಗಾಜು ಒಡೆಯುತ್ತಾರೆ. ಹಾಕಿದರೆ, ಒಬ್ಬ ಮುದುಕಿ ಬದುಕಿಡೀ ಕಾಪಾಡಿಕೊಂಡು ಬಂದದ್ದನ್ನು ಅವರಿಗೆ ಎಚ್ಚರವಿಲ್ಲದಾಗ ನಾನು ಕಸಿದುಕೊಂಡ ಹಾಗೆ. ಆಗ ನಾನು ಯೋಚಿಸಿದ್ದು ಇದ್ಯಾವುದನ್ನೂ ಅಲ್ಲ. ನನ್ನ ಕಣ್ಣು ಆಯಿಯ ಎದೆಯ ಮೇಲಿತ್ತು, ಅದು ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಸೊಸೆಯ ಕೈ ಬಿಡಿಸಿಕೊಂಡೆ. ಬೆರಳಿನ ತುದಿಯಲ್ಲಿ ಸಕ್ಕರೆ ತೆಗೆದುಕೊಂಡು ಗಲ್ಲದೊಳಗೆ ಸವರಿದೆ. ಮತ್ತೆ ಸವರಿದೆ. ಸೊಸೆ ಗೋಡೆಗೆ ಮುಖ ಮಾಡಿ ನಿಂತಳು, ನೋಡದಿದ್ದರೆ ನಡೆದಿಲ್ಲ ಎನ್ನುವಂತೆ.

ಅಷ್ಟರಲ್ಲಿ ಅಕ್ಕನಿಗೆ ಕಾಲಿನಲ್ಲಿ, ಹಿಮ್ಮಡಿಯ ಮೇಲೆ, ನರ ಸಿಕ್ಕಿತು. ಥಿಯೇಟರಿನ ಬಾಗಿಲ ಸಂದಿನಿಂದ ಡಾಕ್ಟರು ಕೂಗಿ ಹೇಳಿದಷ್ಟು ಗ್ಲುಕೋಸನ್ನು ನಿಧಾನ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಆಯಿಯ ರೆಪ್ಪೆ ಅಲುಗಿತು. ಕಣ್ಣು ಬಿಟ್ಟವರು ಮೊದಲು ನಾಲಗೆಯನ್ನು ಗಲ್ಲದೊಳಗೆ ಒಮ್ಮೆ ಆಡಿಸಿದರು. ನಾನು ಬಟ್ಟಲನ್ನು ಸೆರಗಿನ ಮರೆಗೆ ಸರಿಸುವವಳಂತೆ ಕೈ ಹಿಂದಕ್ಕೆ ತಂದೆ. ನಾನು ಹಾಕಿದ್ದು ಯೂನಿಫಾರ್ಮಿನ ಪ್ಯಾಂಟು, ಸೆರಗೆಲ್ಲಿಯದು. ಬಟ್ಟಲು ಎಲ್ಲರಿಗೂ ಕಾಣುವಂತೆ ನನ್ನ ಕೈಯಲ್ಲೇ ಇತ್ತು. ಆಯಿ ನೋಡಿದರೋ ಇಲ್ಲವೋ ತಿಳಿಯಲಿಲ್ಲ, ಕಣ್ಣು ಮುಚ್ಚಿ ಮಲಗಿಬಿಟ್ಟರು.

ಡಾಕ್ಟರು ಬಂದರು, ಬಾಟಲಿ ನಡೆಯುತ್ತಲೇ ಇರಲಿ ಎಂದರು, ಇನ್ನು ಮುಂದೆ ಡಬ್ಬಿ ಕಣ್ಣಿಗೆ ಕಾಣದೆ ಯಾರಿಗೂ ಸೂಜಿ ಇಲ್ಲ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಬಟ್ಟೆ ಕೋಣೆಗೆ ಹೋದರು, ನಾನೂ ಹಿಂದೆ ಹೋದೆ. ಅವರ ಕೈಯಲ್ಲಿ ಮಶೇರಿಯ ಡಬ್ಬಿ ಇತ್ತು, ಮುಚ್ಚಳ ತೆಗೆಯಲು ಬೆರಳು ಏಳುತ್ತಿರಲಿಲ್ಲ. ನಾನು ತೆಗೆದುಕೊಟ್ಟೆ. "ಗಲ್ಲದಾಗ ಹಾಕಿದ್ದರಿಂದ ಉಳದ್ರೋ, ಕಾಲಾಗ ಕೊಟ್ಟದ್ದರಿಂದ ಉಳದ್ರೋ, ಯಾರಿಗೆ ಗೊತ್ತ" ಎಂದರು ಅಕ್ಕ. ಸಮಾಧಾನಕ್ಕೆ ಆಡಿದ ಮಾತು. ನನಗೆ ಮಾತ್ರ ಅದು ಮುಳ್ಳಾಗಿ ಕೂತಿತು. ನರ ಹೇಗೂ ಸಿಗುವುದಿತ್ತು ಎಂದಾದರೆ ನಾನು ಸವರಿದ್ದು ಯಾತಕ್ಕೆ?

ಮರುದಿನ ನನ್ನ ಪಾಳಿ ಮಧ್ಯಾಹ್ನದಿಂದ. ಗೇಟಿನಲ್ಲೇ ಸೊಸೆ ಕಾಯುತ್ತ ನಿಂತಿದ್ದಳು. ಆಯಿ ಬೆಳಿಗ್ಗೆಯಿಂದ ಬಾಯಿಗೆ ಏನನ್ನೂ ಹಾಕಿಲ್ಲ, ಬಾಟಲಿಯ ಮೇಲೆಯೇ ಇದ್ದಾರೆ ಎಂದಳು. ಆ ಹುಡುಗಿ ಬರಲಿ, ಅವಳನ್ನು ಒಂದು ಮಾತು ಕೇಳಬೇಕು, ಕೇಳಿದ ಮೇಲೆ ಊಟ ಎಂದಿದ್ದಾರಂತೆ.

"ಇಲ್ಲ ಅಂದ್ಬಿಡ್ರಿ" ಎಂದಳು. "ಹಾಕೇನಿ ಅಂದ್ರ ಪ್ರಾಯಶ್ಚಿತ್ತ ಅಂತ ಉಪಾಸ ಹಿಡೀತಾರ. ಒಂದಿನದ್ದಲ್ರಿ ಅವರ ಉಪಾಸ. ಶುಗರ್ ಇದ್ದವರು, ನಿನ್ನಿ ಹಂಗ ಮತ್ತ ಆದ್ರ?"

ಅವಳು ಹೇಳುವುದು ಸರಿಯಾಗಿತ್ತು. ಸುಳ್ಳು ಹೇಳಿದರೆ ಆಯಿ ಉಣ್ಣುತ್ತಾರೆ, ಖರೆ ಹೇಳಿದರೆ ಉಪವಾಸ ಬೀಳುತ್ತಾರೆ. ರೋಗಿ ಉಣ್ಣುವುದೇ ನನ್ನ ಕೆಲಸ. ಮೆಟ್ಟಿಲು ಹತ್ತುತ್ತ ಔಷಧದ ಹೆಸರು ಓದುವವಳಂತೆ ಸುಳ್ಳನ್ನು ಗಟ್ಟಿಯಾಗಿ ಅಂದುಕೊಂಡೆ. ಕಾಲಿನ ನರಕ್ಕಷ್ಟೇ ಹಾಕಿದ್ದೇವೆ ಆಯಿ. ಕಾಲಿನ ನರಕ್ಕಷ್ಟೇ. ಗಾಜು ಒಡೆದ ದಿನವೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ. ಅಂದು ಬಾಗಿಲು ಹಾಕಿಕೊಳ್ಳಲು ಸಾಧ್ಯವಿತ್ತು.

ಆಯಿ ದಿಂಬಿಗೆ ಒರಗಿ ಕೂತಿದ್ದರು. ಅಂಜುಬುರ್ಕಿ ಎನ್ನಲಿಲ್ಲ. ಹತ್ತಿರ ಕರೆದು ಮಂಚದ ಮೇಲೆ ಕೂರಿಸಿಕೊಂಡರು.

"ನಿನ್ನಿ ಎಚ್ಚರ ಆದಾಗ ಬಾಯಿ ಸೀ ಇತ್ತ ತಂಗಿ. ಭ್ರಮಿ ಆಗಿರಬೇಕಂತ ಸೊಸಿ ಅಂತಾಳ. ಆಗಿರಬಹುದು. ಆಕಿ ನನ್ನ ಉಳಸ್ಕೊಳ್ಳಾಕ ಏನ ಬೇಕಾದ್ದ ಹೇಳ್ತಾಳ, ನನಗ ಗೊತ್ತೈತಿ. ನೀ ಹೇಳ. ನೀ ಇಲ್ಲ ಅಂದ್ರ ಇಲ್ಲ. ನಾ ಮತ್ತ ಯಾರನ್ನೂ ಕೇಳೂದಿಲ್ಲ."

ಬೆದರಿಸಿದ್ದರೆ ನಾನು ಸುಳ್ಳು ಹೇಳುತ್ತಿದ್ದೆ. ಅತ್ತಿದ್ದರೂ ಹೇಳುತ್ತಿದ್ದೆ. ನೀನು ಅಂದದ್ದೇ ನಿಜ ಎಂದು ಪೂರಾ ನನ್ನ ಕೈಗೆ ಬಿಟ್ಟವರ ಮುಂದೆ ನಾಲಗೆ ಹೊರಳಲಿಲ್ಲ.

"ಹಾಕೇನ್ರಿ ಆಯಿ. ಗಲ್ಲದಾಗ ಸವರೇನಿ. ನರ ಸಿಗಲಿಲ್ಲ. ನೀವು ಹೋಗಾಕತ್ತಿದ್ರಿ."

ಹಿಂದೆ ನಿಂತಿದ್ದ ಸೊಸೆ ಹಣೆಗೆ ಕೈ ಇಟ್ಟುಕೊಂಡಳು. ಆಯಿ ನಾಲಗೆಯನ್ನು ಮತ್ತೊಮ್ಮೆ ಗಲ್ಲದೊಳಗೆ ಆಡಿಸಿದರು. ಆಮೇಲೆ, "ಜೇನ ಅಲ್ಲಲಾ?" ಎಂದರು.

"ಅಲ್ರಿ. ಬರೇ ಸಕ್ರಿ, ನೀರು."

ಅದು ಜೇನಲ್ಲ ಎಂದು ತಿಳಿದು ಅವರ ಮುಖ ಸ್ವಲ್ಪ ಸಡಿಲವಾಯಿತು. ಜೇನು ಅವರಲ್ಲಿ ಹಗಲಿಗೂ ಆಗದು. ನಾನು ಸಿಕ್ಕಿದ ಸಂದಿಯಲ್ಲಿ ನುಗ್ಗಿ ಕೈ ಮುಗಿದೆ. ಉಪವಾಸ ಮಾತ್ರ ಮಾಡಬೇಡಿ, ತಪ್ಪು ನನ್ನದು, ಪ್ರಾಯಶ್ಚಿತ್ತ ಏನಿದ್ದರೂ ನನಗೆ ಹೇಳಿ, ನಾನು ಮಾಡುತ್ತೇನೆ ಎಂದೆ. ಆಯಿ ನಕ್ಕರು.

"ನಿನ್ನ ಉಪಾಸ ನನ್ನ ಲೆಕ್ಕಕ್ಕ ಹೆಂಗ ಬರತೈತಿ ಹುಚ್ಚಿ? ಇರಲಿ, ಉಪಾಸ ಮಾಡೂದಿಲ್ಲ. ನಿನ್ನ ಮಾರಿ ನೋಡಾಕ ಆಗವಲ್ದು."

ಕಣ್ಣು ಮುಚ್ಚಿ, ಕೈ ಜೋಡಿಸಿ, ತುಟಿಯಲ್ಲೇ ಏನೋ ಅಂದುಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಸಕ್ರಿ ಬಿಟ್ಟೆ" ಎಂದರು. "ಸಕ್ರಿ, ಬೆಲ್ಲ, ಸೀ ಅನ್ನೂದು ಯಾವುದೂ ಇನ್ನ ಈ ಬಾಯಿಗಿಲ್ಲ. ಜೀವ ಇರೂತನಾ."

ಸೊಸೆಗೆ ಅಳು ಬಂತು, ಸಂತೋಷದ ಅಳು. ಡಬ್ಬಿ ಬಿಚ್ಚಿ ತಾಟು ಹಚ್ಚಿದಳು. ರೌಂಡಿಗೆ ಬಂದ ಡಾಕ್ಟರಿಗೆ ಅವಳೇ ಹೇಳಿದಳು. ಅವರು ಮನಸಾರೆ ನಕ್ಕರು. "ಭಾಳ ಚಲೋ ಆತ್ರಿ ಆಯಿ. ನಾವು ಹೇಳಿ ಹೇಳಿ ಸಾಕಾಗಿತ್ತು. ಶುಗರ್ ಇದ್ದವರೆಲ್ಲ ಇಂಥಾ ನಿಯಮ ಹಿಡೀಬೇಕ ನೋಡ್ರಿ" ಎಂದು, ಮನೆಗೆ ಕಳಿಸಲು ಹೇಳಿ ಮುಂದಿನ ಮಂಚಕ್ಕೆ ಹೋದರು. ಅಕ್ಕಪಕ್ಕದವರೂ ಮೆಚ್ಚಿಕೊಂಡರು.

ನನಗೆ ಮಾತ್ರ ಆ ನಿಯಮದ ಇನ್ನೊಂದು ಮುಖ ಹೊಳೆಯಿತು. ಅಕ್ಕ ಔಷಧದ ಗಾಡಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಹೊಳೆದಿತ್ತು. ಇನ್ಸುಲಿನ್ ಮನೆಯಲ್ಲಿ ಮುಂದುವರಿಯುತ್ತದೆ. ಇನ್ನೊಂದು ದಿನ, ಹಾಡಹಗಲಿನಲ್ಲೇ, ಅಡುಗೆ ಮನೆಯಲ್ಲೋ ಬಸದಿಯ ಕಟ್ಟೆಯ ಮೇಲೋ ಅವರಿಗೆ ಬೆವರು ಒಡೆದು ಸಕ್ಕರೆ ಇಳಿದರೆ? ಅಲ್ಲಿ ಕಾಲಿನ ನರ ಹುಡುಕುವ ಅಕ್ಕ ಇರುವುದಿಲ್ಲ. ಒಂದು ಚಮಚ ಸಕ್ಕರೆ, ಒಂದು ಬೆಲ್ಲದ ಚೂರು ಇದ್ದರೆ ಜೀವ ಉಳಿಯುತ್ತದೆ. ನಿನ್ನೆಯವರೆಗೆ ಹಗಲಿನಲ್ಲಾದರೂ ಆ ದಾರಿ ಅವರಿಗೆ ತೆರೆದಿತ್ತು.

ನಾನು ಮತ್ತೆ ಮಂಚದ ಹತ್ತಿರ ಹೋದೆ. "ಆಯಿ, ಊಟಕ್ಕ ಬಿಡ್ರಿ, ಚಹಾಕ್ಕ ಬಿಡ್ರಿ, ಯಾರ ಬ್ಯಾಡ ಅಂತಾರ. ಔಷಧಕ್ಕ ಅಂತಾದ್ರೂ ಸಕ್ರಿ ಇಟ್ಗೋರಿ. ಔಷಧಕ್ಕ ವಿನಾಯಿತಿ ಇರತೈತಲ್ರಿ ನಿಮ್ಮೊಳಗ."

ಆಯಿ ರೊಟ್ಟಿ ಮುರಿಯುತ್ತಿದ್ದರು. ಕೈ ನಿಲ್ಲಿಸಿ, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವವರ ಹಾಗೆ ನನ್ನ ಮುಖ ನೋಡಿದರು.

"ನಿನ್ನಿ ನೀ ಹಾಕಿದ್ದು ಔಷಧನ ಅಲ್ಲನ ತಂಗಿ? ಅದಕ್ಕ ಬಿಟ್ಟೀನಿ."

ಎಡಗೈಯನ್ನು ನನ್ನ ತಲೆಯ ಮೇಲಿಟ್ಟು, ಖರೆ ಹೇಳಿದಿ, ನಿನಗೆ ಒಳ್ಳೆಯದಾಗಲಿ ಎಂದು ಹರಸಿದರು. ಆಮೇಲೆ ನೆಮ್ಮದಿಯಿಂದ ಉಂಡರು.

ಹೋಗುವ ಮುಂಚೆ ನಾನು ಸೊಸೆಯನ್ನು ಪಕ್ಕಕ್ಕೆ ಕರೆದು, ಮೊದಲು ತಾಟು, ಅರ್ಧ ಉಂಡ ಮೇಲೆ ಸೂಜಿ, ಬೆವರು ಕಂಡರೆ ಕಾಯದೆ ಹತ್ತಿರದ ದವಾಖಾನೆಗೆ ಎಂದು ಹೇಳಿಕೊಟ್ಟೆ, ಅವಳ ಬಾಯಿಂದ ಮತ್ತೆ ಹೇಳಿಸಿದೆ. "ಹೂಂ, ಮಾಡ್ತೀನ್ರಿ ಸಿಸ್ಟರ್" ಎಂದು ಅವಳು ಇನ್ಸುಲಿನ್ ಬಾಟಲಿಗೆ ಕೈ ಚಾಚಿದಳು. ಖುಷಿಯಲ್ಲಿದ್ದಳು. ನಾನು ಬಾಟಲಿಯನ್ನು ಅವಳ ಕೈಯಲ್ಲಿಟ್ಟೆ, ಬೆರಳು ಬಿಡಲಾರದೆ ಹಿಡಿದೇ ನಿಂತೆ. "ಬಿಡ್ರಿ ಸಿಸ್ಟರ್, ಬಸ್ ಹೋಗ್ತೈತಿ" ಎಂದು ಅವಳೇ ಮೆಲ್ಲನೆ ಬಿಡಿಸಿಕೊಂಡು ಹೋದಳು.